ಊರ ಕಾವಲು, ಠಾಣೆಯ ಭಾಷೆ

ಶಾಲೆಗೆ ರಜೆ ಬಂದೊಡನೆ ನಮ್ಮ ಕಾಸರಗೋಡಿನ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಅಡಿಕೆ ತೋಟದ ನಡುವಿನ ಒಂಟಿ ಮನೆಯಿಂದ ಕೂಗಿದರೆ ನೆರೆಮನೆಗೆ ಕೇಳಿಸುವುದಿಲ್ಲ. ಅಂಗಳದಲ್ಲಿ ಒಣಗುವ ಅಡಿಕೆಗೂ ಕಾವಲಿಲ್ಲ.

ಕೇರಳದಲ್ಲಿ 2008ರಲ್ಲಿ ಆರಂಭವಾದ ಜನಮೈತ್ರಿ ಯೋಜನೆಯ ತಿರುಳು, ಬೀಟ್ ಪೊಲೀಸರು ಮನೆಮನೆಗೆ ಬಂದು ಪರಿಚಯ ಮಾಡಿಕೊಳ್ಳುವುದು. ಆದರೆ ಇರುವಷ್ಟು ಸಿಬ್ಬಂದಿ ಬಂದೋಬಸ್ತು, ನ್ಯಾಯಾಲಯ, ವಾಹನ ತಪಾಸಣೆಗಳಿಗೆ ಹಂಚಿಹೋದಾಗ ಮೊದಲು ತಪ್ಪುವುದು ಈ ಭೇಟಿಯೇ. ಬಂದವರಿಗೂ ಕನ್ನಡ ತಿಳಿಯದಿದ್ದರೆ ಅಜ್ಜಿ ಕಂಡದ್ದು ಅಂಗಳ ದಾಟುವುದಿಲ್ಲ. ಆದ್ದರಿಂದ ಜನಮೈತ್ರಿ ಸಭೆಗಳಲ್ಲಿ ನಾವು ಕೇಳಬೇಕಾದದ್ದು ಪೊಲೀಸರ ಸಂಖ್ಯೆಯನ್ನು ಮಾತ್ರವಲ್ಲ, ಕನ್ನಡ ಬಲ್ಲ ಬೀಟ್ ಪೊಲೀಸರನ್ನೂ.

ಎಚ್ಚರ ನಮ್ಮದೂ ಹೌದು. ಊರಿಗೆ ಹೋಗುವಾಗ ನೆರೆಯವರಿಗೂ ಠಾಣೆಗೂ ತಿಳಿಸೋಣ. ಸಂಶಯ ಬಂದರೆ 112ಕ್ಕೆ ಕರೆ ಮಾಡೋಣ. ಅಪರಿಚಿತನ ಮೇಲೆ ಕೈ ಮಾಡುವುದು ಮಾತ್ರ ಎಚ್ಚರವಲ್ಲ. 2018ರಲ್ಲಿ ಅಟ್ಟಪ್ಪಾಡಿಯಲ್ಲಿ ಕಳ್ಳನೆಂಬ ಆರೋಪ ಹೊರಿಸಿ ಆದಿವಾಸಿ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದದ್ದನ್ನು ನಾವು ಮರೆಯಬಾರದು.

ಇನ್ನು ದೂರಿನ ಮಾತು. ಮನೆಗಳವಿನ ದೂರನ್ನು ಬಾಯಿಮಾತಿನಲ್ಲಿ ಹೇಳಿದರೆ ಪೊಲೀಸರು ಅದನ್ನು ಬರೆದುಕೊಂಡು, ಓದಿ ಹೇಳಿ, ಸಹಿ ಪಡೆದು, ಪ್ರತಿಯನ್ನು ಉಚಿತವಾಗಿ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಸೆಕ್ಷನ್ ಹೇಳುತ್ತದೆ. ಓದಿದ್ದು ಮಲಯಾಳದಲ್ಲಿದ್ದು ಕೇಳಿದವರಿಗೆ ಅರ್ಥವಾಗದಿದ್ದರೆ ಆ ಓದಿಗೆ ಬೆಲೆಯೇನು? ಎರಡೂ ಭಾಷೆ ಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಅರ್ಥವಾದ ಮೇಲೆಯೇ ಸಹಿ ಹಾಕಿ. ಇದನ್ನು ಈ ರಜೆಯಲ್ಲಿ ಮನೆಯ ಮಕ್ಕಳಿಗೂ ಹೇಳಿಕೊಡಿ.