ರಂಗಭಾವನ ನೆಂಟರು

ಆಗಸ್ಟ್ ತಿಂಗಳ 9ನೆಯ ದಿನವನ್ನು ಜಗತ್ತಿನ ಮೂಲನಿವಾಸಿಗಳ ದಿನವಾಗಿ ಆಚರಿಸಬೇಕೆಂದು ವಿಶ್ವಸಂಸ್ಥೆಯು 1994ರಲ್ಲಿ ಗೊತ್ತುಮಾಡಿತು. ಅಂದು ನಮ್ಮ ನಗರಗಳಲ್ಲಿಯೂ ಅಲ್ಲಲ್ಲಿ ಸಭೆ ಸೇರುತ್ತದೆ, ಭಾಷಣಗಳಾಗುತ್ತವೆ. ಮಕ್ಕಳ ಶಾಲೆಯಲ್ಲಿ ವೇಷದ ಸ್ಪರ್ಧೆ ಏರ್ಪಟ್ಟರಂತೂ ಯಾವುದಾದರೊಂದು ಮಗು ಸೊಂಟಕ್ಕೆ ಸೊಪ್ಪು ಸುತ್ತಿ, ಮುಖಕ್ಕೆ ಮಸಿ ಬಳಿದು, ರಟ್ಟಿನ ಈಟಿ ಹಿಡಿದು ವೇದಿಕೆಯ ಮೇಲೆ ಕುಣಿಯುವುದುಂಟು. ಹೆತ್ತವರು ಚಪ್ಪಾಳೆ ತಟ್ಟುತ್ತಾರೆ. ಅದರಲ್ಲಿ ಯಾರಿಗೂ ಕೆಟ್ಟ ಉದ್ದೇಶವಿಲ್ಲವೆಂಬುದು ನಿಜ. ಆದರೆ ಆ ಮಗು ವೇದಿಕೆಯಿಂದ ಇಳಿದ ಮೇಲೆ, "ಮರಿ, ನೀನು ಹಾಕಿದ್ದು ಯಾರ ವೇಷ? ಅವರ ಹೆಸರೇನು? ಎಲ್ಲಿರುತ್ತಾರೆ? ಏನು ಮಾತನಾಡುತ್ತಾರೆ?" ಎಂದು ಕೇಳಿದರೆ ಉತ್ತರ ಬಾರದು. ಚಪ್ಪಾಳೆ ತಟ್ಟಿದವರನ್ನು ಕೇಳಿದರೂ ಬಾರದು. ಹೆಸರನ್ನೇ ಅರಿಯದ ಜನರಿಗೆ ನಾವು ಸಲ್ಲಿಸುವ ಗೌರವವಾದರೂ ಎಂತಹುದು?

ಆದ್ದರಿಂದ ವಾಚಕರಲ್ಲಿ ನನ್ನದೊಂದು ಸೂಚನೆಯಿದೆ. 'ಆದಿವಾಸಿಗಳು' ಎಂಬ ಒಂದೇ ಮಾತಿನಲ್ಲಿ ನೂರಾರು ಜನಾಂಗಗಳನ್ನು ಗಂಟುಕಟ್ಟಿ ಇಡುವುದರ ಬದಲು, ಪ್ರತಿಯೊಂದು ಮನೆಯವರೂ ಒಂದು ಜನವನ್ನು ಆರಿಸಿಕೊಂಡು ಸಾವಧಾನವಾಗಿ ಅರಿಯಲು ಯತ್ನಿಸಬಾರದೇಕೆ? ನಾನು ಆರಿಸಿಕೊಂಡದ್ದು ಸೋಲಿಗರನ್ನು. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರನ ಬೆಟ್ಟ, ಅಲ್ಲಿಂದ ತಮಿಳುನಾಡಿನ ಸತ್ಯಮಂಗಲದ ಕಾಡುಗಳವರೆಗೆ ಇವರ ನೆಲೆ. ಇವರ ನುಡಿ ನಮ್ಮ ಕನ್ನಡಕ್ಕೆ ತೀರ ಹತ್ತಿರದ ಬಂಧು. ಬಿಳಿಗಿರಿಯ ರಂಗನಾಥನು ತಮ್ಮ ಕುಲದ ಕುಸುಮಾಲೆಯೆಂಬ ಹೆಣ್ಣನ್ನು ಒಲಿದು ಮದುವೆಯಾದನೆಂದು ಇವರ ನಂಬಿಕೆ. ಅದರಿಂದ ದೇವರು ಇವರಿಗೆ 'ರಂಗಭಾವ'. ನಾವು ದೇವರನ್ನು ತಂದೆಯೆಂದೆವು, ಒಡೆಯನೆಂದೆವು. ಭಾವನೆಂದು ಕರೆದು ಸಲಿಗೆಯಿಂದ ಮಾತನಾಡಿಸುವ ಧೈರ್ಯ ಈ ಗಿರಿಜನರಿಗೆ ಬಂದಿತು.

ಇವರನ್ನು ಕುರಿತು ತಿಳಿಯುವುದಕ್ಕೆ ಗ್ರಂಥಗಳಿಲ್ಲವೆ ಎಂದರೆ, ಧಾರಾಳವಾಗಿ ಇವೆ. ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ನನ ಪ್ರವಾಸಗ್ರಂಥ 1807ರಲ್ಲಿ ಅಚ್ಚಾಯಿತು. ಅದರಲ್ಲಿ ಸೋಲಿಗರ ಪ್ರಸ್ತಾಪ ಬರುತ್ತದೆ. ಎಚ್. ವಿ. ನಂಜುಂಡಯ್ಯ ಮತ್ತು ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳನ್ನು ಕುರಿತ ನಾಲ್ಕು ಸಂಪುಟಗಳು 1928ರಿಂದ 1935ರವರೆಗೆ ಹೊರಬಂದವು. ಇವೆಲ್ಲವೂ ಉಪಯುಕ್ತವೇ. ಆದರೆ ಇವುಗಳಲ್ಲಿ ಸೋಲಿಗರು ನೋಡಲ್ಪಡುವವರು, ಎಣಿಸಲ್ಪಡುವವರು, ಮಾತನಾಡುವವರು ಬೇರೆ. ಸೋಲಿಗರ ಬಾಳಿನ ಬಿಸಿ ತಾಗಬೇಕಾದರೆ ಕಂಸಾಳೆಯವರು ಹಾಡುವ ಮಾದಪ್ಪನ ಕಾವ್ಯವನ್ನು ಕೇಳಬೇಕು. ಡಾ. ಪಿ. ಕೆ. ರಾಜಶೇಖರ ಅವರು ಅದನ್ನು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದರು. ಅದರ 'ಸಂಕಮ್ಮನ ಸಾಲಿ'ನಲ್ಲಿ ಜೇನಿಗೆ ಹೊರಟ ಸೋಲಿಗರ ನೀಲೇಗೌಡನೂ, ಅವನ ಸಂಶಯಕ್ಕೆ ಗುರಿಯಾದ ಸಂಕಮ್ಮನೂ ಕಣ್ಣೆದುರು ನಿಲ್ಲುತ್ತಾರೆ. ಇನ್ನೂ ಸಂತೋಷದ ಸಂಗತಿಯೆಂದರೆ, ಸೋಲಿಗರಲ್ಲಿಯೇ ಹುಟ್ಟಿ ಬೆಳೆದು, ಡಾಕ್ಟರೇಟ್ ಪದವಿ ಪಡೆದ ಡಾ. ಸಿ. ಮಾದೇಗೌಡರಂಥವರು ಈಗ ತಮ್ಮ ಜನರ ವಿಷಯವನ್ನು ತಾವೇ ಬರೆಯುತ್ತಿದ್ದಾರೆ. ಓದುವವರು ಮೊದಲು ಓದತಕ್ಕದ್ದು ಇಂತಹ ಬರಹಗಳನ್ನು.

ಪುಸ್ತಕದ ಮಾತು ಇಷ್ಟಾಯಿತು. ಕೇಳಿ ಕಲಿಯುವ ದಾರಿಯೊಂದಿದೆ. ಅದು ಇನ್ನೂ ಹಿರಿದು. ಒಮ್ಮೆ ನಮ್ಮ ಕಾಲೇಜಿನ ತರಗತಿಯಲ್ಲಿ ಪದ್ಯಪಾಠದ ನಡುವೆ ಜೇನಿನ ಮಾತು ಬಂದಿತು. "ಜೇನು ಎಷ್ಟು ಬಗೆ?" ಎಂದು ಕೇಳಿದೆ. ನಗರದ ಹುಡುಗರು ಮುಖ ಮುಖ ನೋಡಿಕೊಂಡರು. ಅವರಿಗೆ ಗೊತ್ತಿದ್ದುದು ಶೀಷೆಯಲ್ಲಿ ಬರುವ ಜೇನು ಒಂದೇ. ಕೊನೆಯ ಬೆಂಚಿನಲ್ಲಿ ಯಾವಾಗಲೂ ತಲೆತಗ್ಗಿಸಿ ಕೂಡುತ್ತಿದ್ದ, ಬೆಟ್ಟದ ಪೋಡಿನಿಂದ ಬಂದ ಹುಡುಗನೊಬ್ಬನು ಮೆಲ್ಲನೆ ಎದ್ದು ನಿಂತನು. ಎತ್ತರದ ಮರಗಳಲ್ಲಿಯೂ ಬಂಡೆಗಳ ಒಡಲಲ್ಲಿಯೂ ಕಟ್ಟುವುದು ಹೆಜ್ಜೇನು. ಮರದ ಪೊಟರೆಯಲ್ಲಿರುವುದು ತುಡುವೆ. ಸಣ್ಣ ಕಡ್ಡಿಯನ್ನು ಹಿಡಿದು ಕಟ್ಟುವುದು ಕೋಲುಜೇನು. ಸಂದುಗೊಂದುಗಳಲ್ಲಿ ಅಡಗಿರುವ, ಚುಚ್ಚಲರಿಯದ ಪುಟ್ಟ ಹುಳು ನೆಸರಿ. ನಾಲ್ಕನ್ನೂ ಹೇಳಿ, ಯಾವ ಹೂವಿನ ಕಾಲಕ್ಕೆ ಯಾವುದರ ತುಪ್ಪದ ರುಚಿ ಹೇಗಿರುತ್ತದೆಂದೂ ವಿವರಿಸಿದನು. ಆ ಗಂಟೆಯ ಉಳಿದ ಪಾಠ ಅವನದೇ ಆಯಿತು. ಅವನ ವಿಷಯದಲ್ಲಿ ಸಹಪಾಠಿಗಳಿಗೆ ಅಂದು ಹುಟ್ಟಿದ ಗೌರವ ಯಾವ ಭಾಷಣದಿಂದಲೂ ಹುಟ್ಟತಕ್ಕದ್ದಾಗಿರಲಿಲ್ಲ. ಕಾರಣ ಸರಳ. ನಾವು ಕನಿಕರಪಡುವವರನ್ನು ಗೌರವಿಸಲಾರೆವು. ಯಾರಿಂದ ಕಲಿಯುತ್ತೇವೆಯೋ ಅವರನ್ನು ಮಾತ್ರ ಗೌರವಿಸಬಲ್ಲೆವು.

ಇದು ಕೇವಲ ತರಗತಿಯ ವಿನೋದವಲ್ಲ. ಕಾಡಿನ ಅಳಿವು ಉಳಿವಿನ ಮಾತೂ ಹೌದು. ಸೋಲಿಗರಲ್ಲಿ 'ತರಗುಬೆಂಕಿ' ಎಂಬ ಪದ್ಧತಿಯೊಂದಿತ್ತು. ಬೇಸಗೆಯ ಝಳ ಏರುವ ಮುನ್ನವೇ ನೆಲದ ತರಗೆಲೆಗೆ ಸಣ್ಣಗೆ ಬೆಂಕಿ ಕೊಡುವುದು. ಅದು ನೆಲವನ್ನು ಸವರಿಕೊಂಡು ಹೋಗುತ್ತದೆಯೇ ವಿನಾ ಮರದ ನೆತ್ತಿಗೆ ಏರುವುದಿಲ್ಲ. ಬೆಟ್ಟವು 1974ರಲ್ಲಿ ಅಭಯಾರಣ್ಯವಾದ ಮೇಲೆ ಈ ಬೆಂಕಿ ಅಪರಾಧವಾಯಿತು. ಮುಂದೆ ಏನಾಯಿತು? ಹೊರದೇಶದಿಂದ ಬಂದ ಲಂಟಾನದ ಪೊದೆ ಕಾಡಿನ ನೆಲವನ್ನೆಲ್ಲ ಮುಚ್ಚಿತು. ನೆಲ್ಲಿಯ ಮರಗಳನ್ನು ಬಂದಳಿಕೆ ಹಿಂಡತೊಡಗಿತು. ಈ ಬಂದಳಿಕೆಯನ್ನು ಸೋಲಿಗರು 'ಉಪ್ಪಿಲು' ಎನ್ನುತ್ತಾರೆ. ತರಗುಬೆಂಕಿ ನಿಂತದ್ದರಿಂದಲೇ ಇವೆರಡೂ ಹೆಚ್ಚಿದವೆಂದು ಹಿರಿಯ ಸೋಲಿಗರು ಹೇಳುತ್ತ ಬಂದರು. ಬಹುಕಾಲ ಆ ಮಾತಿಗೆ ಕಿವಿಗೊಟ್ಟವರು ವಿರಳ. ಕೊನೆಗೆ ಸಂಶೋಧಕರು ಅದನ್ನೇ ಹಿಡಿದು ಪರಿಶೀಲಿಸಿ, 2010 ಮತ್ತು 2012ರಲ್ಲಿ ಪ್ರಕಟವಾದ ಪ್ರಬಂಧಗಳಲ್ಲಿ, ಇವರ ಅನುಭವವನ್ನು ಬದಿಗಿಟ್ಟು ಕಾಡಿನ ಆಡಳಿತ ನಡೆಸುವುದು ವಿವೇಕವಲ್ಲವೆಂದು ತೋರಿಸಿದರು. ಆಂಗ್ ಸಿ ಎಂಬ ಭಾಷಾವಿಜ್ಞಾನಿ ಸೋಲಿಗರ ನುಡಿಯಲ್ಲಿ ಅಡಗಿರುವ ಗಿಡ, ಹಕ್ಕಿ, ಜೇನುಗಳ ಅರಿವನ್ನು ಕುರಿತು 2016ರಲ್ಲಿ ಒಂದು ಗ್ರಂಥವನ್ನೇ ಹೊರತಂದರು. ಪರದೇಶದ ವಿದ್ವಾಂಸರು ಕಲಿಯಲು ಬರುವ ಈ ವಿದ್ಯೆಯನ್ನು ಪಕ್ಕದಲ್ಲಿರುವ ನಾವು ವಿದ್ಯೆಯೆಂದೇ ಎಣಿಸಲಿಲ್ಲವಲ್ಲ!

ಇನ್ನು ನೆಲದ ವಿಚಾರ. ನಮ್ಮ ಕಣ್ಣಿಗೆ ಬೆಟ್ಟವೆಂದರೆ ಒಂದು ದೇವಸ್ಥಾನ, ಒಂದು ರಸ್ತೆ, ಸುತ್ತಲೂ ಹಸುರು. ಸೋಲಿಗರ ಕಣ್ಣಿಗೆ ಅದು ಕುಲಕುಲಕ್ಕೂ ಹಂಚಿಹೋದ 'ಎಲ್ಲೆ'ಗಳ ನಾಡು. ಒಂದೊಂದು ಎಲ್ಲೆಯಲ್ಲಿಯೂ ದೇವರು, ಮಾರಮ್ಮ, ವೀರು, ಅಬ್ಬಿ ಎಂಬ ನೀರಿನ ನೆಲೆ, ಮತ್ತು ಹಿರಿಯರ ನೆನಪಿನ ಕಲ್ಲುಗುಡಿ. ಬೆಟ್ಟದ ಒಳಗಾಡಿನಲ್ಲಿ ನೂರಾರು ವರ್ಷ ಬಾಳಿದ ದೊಡ್ಡಸಂಪಿಗೆಯ ಮರವೂ ಇವರ ಪೂಜಾಸ್ಥಾನಗಳಲ್ಲಿ ಒಂದು. ಸೋಲಿಗರ ಹಿರಿಯರೂ ಸಂಶೋಧಕರೂ ಕೂಡಿ ಕಾಡಿನಲ್ಲಿ ನಡೆದು, ಇಂತಹ ನಾನೂರಕ್ಕೂ ಹೆಚ್ಚು ತಾಣಗಳನ್ನು ಗುರುತಿಸಿ ನಕ್ಷೆಯೊಂದನ್ನು ಸಿದ್ಧಪಡಿಸಿದರು. 'ಇದು ನಿಮ್ಮ ನೆಲವೆಂಬುದಕ್ಕೆ ಏನು ಸಾಕ್ಷಿ?' ಎಂದು ಕೇಳುವವರ ಮುಂದೆ ಇಡಲು ತಾತಮುತ್ತಾತಂದಿರ ನೆನಪು ಹೀಗೆ ಕಾಗದಕ್ಕೆ ಇಳಿಯಬೇಕಾಯಿತು.

ಆ ಪ್ರಶ್ನೆ ಸುಮ್ಮನೆ ಬಂದುದಲ್ಲ. ಅಭಯಾರಣ್ಯವಾದಂದಿನಿಂದ ಇವರ ಸರದಿಯ ಬೇಸಾಯ ನಿಂತಿತು, ಬೇಟೆ ನಿಂತಿತು. ಈ ಶತಮಾನದ ಮೊದಲ ದಶಕದಲ್ಲಿ ಜೇನು, ನೆಲ್ಲಿಕಾಯಿ, ಕಲ್ಲುಹೂವುಗಳನ್ನು ಸಂಗ್ರಹಿಸುವುದಕ್ಕೂ ತಡೆ ಬಿದ್ದಿತು. ಅರಣ್ಯದಲ್ಲಿ ಬಾಳಿಬಂದವರ ಹಕ್ಕುಗಳನ್ನು ಮಾನ್ಯಮಾಡುವ ಶಾಸನವನ್ನು ಸಂಸತ್ತು 2006ರಲ್ಲಿ ಅಂಗೀಕರಿಸಿತು. ಬಿಳಿಗಿರಿರಂಗನ ಬೆಟ್ಟ 2011ರ ಜನವರಿಯಲ್ಲಿ ಹುಲಿಗಳ ಸಂರಕ್ಷಿತ ಪ್ರದೇಶವೆನಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸೋಲಿಗರ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕಿನ ಪತ್ರಗಳು ದೊರೆತವು. ಹುಲಿಗಳ ಸಂರಕ್ಷಿತ ಪ್ರದೇಶದೊಳಗೆ ಇಂತಹ ಹಕ್ಕು ಮಾನ್ಯವಾದುದು ಭಾರತದಲ್ಲಿ ಅದೇ ಮೊದಲು. ತಮ್ಮ ತಾತನ ಕಲ್ಲಿರುವ ನೆಲಕ್ಕೆ ಹಕ್ಕಿನ ಪತ್ರ ಪಡೆಯಲು ಇಷ್ಟು ಕಾಲ ಕಾಯಬೇಕಾಯಿತೆಂದರೆ, ಅದು ಯಾರ ಇತಿಹಾಸ? ಅವರದಷ್ಟೇ ಅಲ್ಲ, ನಮ್ಮದೂ ಹೌದು. ಅವರ ಕುಣಿತವನ್ನು ಮೆಚ್ಚಿ ಈ ಚರಿತ್ರೆಯನ್ನು ಮರೆಯುವುದು, ನೆಂಟರ ಮನೆಯ ಹಬ್ಬದೂಟ ಉಂಡು ಅವರ ಕಷ್ಟ ವಿಚಾರಿಸದೆ ಎದ್ದು ಬಂದಂತೆ.

ಹಾಗಾದರೆ ನಗರದ ಗೃಹಸ್ಥನು ಮಾಡಬಹುದಾದುದೇನು? ದೊಡ್ಡ ಕಾರ್ಯಗಳನ್ನು ಹೇಳಿ ಯಾರನ್ನೂ ಅಂಜಿಸಲಾರೆ. ಮಕ್ಕಳಿಗೆ ವೇಷ ಕಟ್ಟುವುದನ್ನು ಬಿಟ್ಟು ಒಂದು ಕಥೆಯನ್ನೋ ನಾಲ್ಕು ಜೇನಿನ ಹೆಸರನ್ನೋ ಕಲಿಸಬಹುದು. ಬೆಟ್ಟಕ್ಕೆ ಹೋದಾಗ ಪೋಡಿನೊಳಕ್ಕೆ ಕರೆಯದೆ ನುಗ್ಗುವುದನ್ನೂ, ಕೇಳದೆ ಚಿತ್ರ ತೆಗೆಯುವುದನ್ನೂ ಬಿಡಬಹುದು. ಜೇನು, ನೆಲ್ಲಿಯ ಉಪ್ಪಿನಕಾಯಿ, ಸೋಲಿಗರು ಬೆಳೆದ ಕಾಫಿ ಇವುಗಳನ್ನು ದಲ್ಲಾಳಿಯಿಂದ ಕೊಳ್ಳದೆ, ಅವರ ಸಹಕಾರ ಸಂಘದಿಂದಲೋ ಅವರ ಕೈಯಿಂದಲೋ, ಚೌಕಾಸಿ ಮಾಡದೆ ಕೊಳ್ಳಬಹುದು. ಮನೆಯಲ್ಲಿ ಯಾರಾದರೂ 'ಕಾಡುಜನ' ಎಂಬ ಮಾತನ್ನು ಬೈಗುಳವಾಗಿ ಬಳಸಿದರೆ ಊಟದ ಎಲೆಯ ಮುಂದೆಯೇ ತಡೆದು ಹೇಳಬಹುದು. ಅರಣ್ಯ ಹಕ್ಕಿನ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಪುಟ ಮಗುಚದೆ ಓದಬಹುದು. ಮತ ಕೇಳಲು ಬಂದವರನ್ನು ಅದರ ಬಗ್ಗೆ ಪ್ರಶ್ನಿಸಲೂಬಹುದು.

ಸೋಲಿಗರು ಕಾಡುಗೆಡ್ಡೆಯನ್ನು ಅಗೆಯುವಾಗ ಅದರ ತಲೆಯ ಭಾಗವನ್ನು ಮತ್ತೆ ಮಣ್ಣಿನಲ್ಲಿ ಹೂಳಿ ಬರುತ್ತಾರೆ. ಮುಂದಿನ ಮಳೆಗೆ ಅದು ಚಿಗುರಬೇಕು. ಅವರಿಂದ ನಾವು ಕಥೆಯನ್ನು ಪಡೆದಿದ್ದೇವೆ, ಜೇನನ್ನು ಪಡೆದಿದ್ದೇವೆ, ಕಾಡಿನ ನೆರಳನ್ನೂ ನೀರನ್ನೂ ಪಡೆದಿದ್ದೇವೆ. ಪಡೆದವರು ಮಣ್ಣಿಗೆ ಏನನ್ನಾದರೂ ಹಿಂದಿರುಗಿಸಿ ಬರಬೇಕೆಂಬ ಪಾಠವೂ ಅವರದೇ.