ಎಡವಿ ಕಲಿಯುವ 20 ವಾರ

ಬಿ.ಎಡ್. ಪ್ರಶಿಕ್ಷಣಾರ್ಥಿಗಳು ಕಾಲೇಜಿನಲ್ಲಿ ಮೊದಲು ಮಾಡುವುದು ಸೂಕ್ಷ್ಮ ಬೋಧನೆ. 5-6 ನಿಮಿಷದ ಪಾಠ. ಎದುರಿಗೆ ಸಹಪಾಠಿಗಳೇ ಮಕ್ಕಳು. ಕೇಳಿದ್ದಕ್ಕೆಲ್ಲ ಸರಿಯುತ್ತರ ಸಿಗುತ್ತದೆ.

ನಿಜವಾದ ಎಂಟನೇ ತರಗತಿ ಹಾಗಲ್ಲ. ಹಿಂದಿನ ಬೆಂಚಿನಲ್ಲಿ ಗಲಾಟೆ, ಪೀಠಿಕೆಯ ಪ್ರಶ್ನೆಗೆ ಮೌನ, ಪಾಠ ಅರ್ಧವಾಗುವಷ್ಟರಲ್ಲಿ ಗಂಟೆ. ಮೂಲೆಯಲ್ಲಿ ಕುಳಿತ ವೀಕ್ಷಕರು ಎಲ್ಲವನ್ನೂ ಬರೆದುಕೊಳ್ಳುತ್ತಿರುತ್ತಾರೆ. ಅಂದು ಸಂಜೆ ‘ಈ ಕೆಲಸ ನನ್ನ ಕೈಲಾಗದು’ ಅನ್ನಿಸುವುದು ಸಹಜ. ಆದರೆ ಅಷ್ಟಕ್ಕೇ ಕೈಬಿಡಬಾರದು. ಎಡವಿ ಕಲಿಯಲೆಂದೇ ಈ ಅವಧಿ ಇರುವುದು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಎರಡು ವರ್ಷದ ಬಿ.ಎಡ್.ಗೆ ಕನಿಷ್ಠ 20 ವಾರಗಳ ಶಾಲಾ ತರಬೇತಿಯನ್ನು ಗೊತ್ತುಪಡಿಸಿತು.

ಮೊದಲ ವಾರದಲ್ಲೇ ಮಕ್ಕಳ ಹೆಸರು ಕಲಿಯಿರಿ. ಹೆಸರು ಹಿಡಿದು ಪ್ರಶ್ನೆ ಕೇಳಿದರೆ ಅರ್ಧ ಗಲಾಟೆ ಅಡಗುತ್ತದೆ. ಗಂಟೆ ಹೊಡೆದರೆ ಎಲ್ಲಿ ನಿಲ್ಲಿಸಬಹುದೆಂದು ಪಾಠ ಯೋಜನೆಯಲ್ಲಿ ಮೊದಲೇ ಗುರುತು ಹಾಕಿಕೊಳ್ಳಿ. ಅನುಭವಿ ಶಿಕ್ಷಕರ ತರಗತಿಯಲ್ಲಿ ಹಿಂದೆ ಕುಳಿತು, ಪ್ರಶ್ನೆ ಕೇಳಿದ ಮೇಲೆ ಅವರು ಎಷ್ಟು ಹೊತ್ತು ಕಾಯುತ್ತಾರೆಂದು ಗಮನಿಸಿ. ವೀಕ್ಷಕರು ಹತ್ತು ದೋಷ ಬರೆದಿದ್ದರೆ ಮರುದಿನಕ್ಕೆ ಒಂದನ್ನಷ್ಟೇ ತಿದ್ದಿಕೊಳ್ಳಿ. ಹತ್ತಕ್ಕೂ ಕೈಹಾಕಿದರೆ ಯಾವುದೂ ಸರಿಹೋಗದು.

ತಂದೆತಾಯಂದಿರಿಗೂ ಒಂದು ಮಾತು. ನಡುರಾತ್ರಿಯವರೆಗೆ ಚಾರ್ಟ್ ಬರೆಯುವ ಮಗಳನ್ನು ಕಂಡು ‘ಇದೇನು ಮಕ್ಕಳಾಟ’ ಎನ್ನಬೇಡಿ. ಮರುದಿನ ತುಂಬಿದ ತರಗತಿಯ ಎದುರು ಅವಳಿಗೆ ಆಸರೆ ಅದೇ. ಎಷ್ಟು ಅಂಕ ಬಂತೆಂದು ಕೇಳುವ ಬದಲು, ಈವತ್ತು ಮಕ್ಕಳು ಏನು ಕೇಳಿದರೆಂದು ವಿಚಾರಿಸಿ. ಅದನ್ನು ಹೇಳುತ್ತ ಹೇಳುತ್ತಲೇ ಅವಳಿಗೆ ನಾಳಿನ ಪಾಠದ ದಾರಿ ಹೊಳೆದೀತು.