962 ದಿನಗಳ ದಾಖಲೆ, ಒಂದು ಮಿಲಿಮೀಟರ್ ಗೋಡೆ

ಕೈಗಾ ಅಣು ವಿದ್ಯುತ್ ಸ್ಥಾವರ ಸುದ್ದಿಗೆ ಬಂದರೆ ಕುಮಟಾ, ಹೊನ್ನಾವರ, ಭಟ್ಕಳದ ಕಡೆ ಮಾತು ಎರಡೇ ದಾರಿ ಹಿಡಿಯುತ್ತದೆ. 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರ್‌ಗೆ ವಿಕಿರಣಶೀಲ ಟ್ರಿಟಿಯಂ ಬೆರೆತು ನೌಕರರ ಮೈ ಸೇರಿದಾಗ ‘ಏನೋ ಸೋರಿದೆಯಂತೆ’ ಎಂಬ ಗುಸುಗುಸು. 2018ರ ಡಿಸೆಂಬರ್ 31ರಂದು ಒಂದನೇ ಘಟಕ ಸತತ 962 ದಿನ ಓಡಿ ನಿಂತಾಗ ವಿಶ್ವದಾಖಲೆಯ ಹೆಮ್ಮೆ. ಆ ದಾಖಲೆಗೆ ಇನ್ನೊಂದು ಮುಖವೂ ಇದೆ: ಅಷ್ಟು ದಿನವೂ ಸ್ಟೀಮ್ ಜನರೇಟರ್‌ನ ಕೊಳವೆಗಳೊಳಗೆ ಪರೀಕ್ಷೆಯ ಪ್ರೋಬ್ ಇಳಿಸಲು ಸಾಧ್ಯವಿರಲಿಲ್ಲ.

ಕೈಗಾದ 220 ಮೆಗಾವಾಟ್‌ನ ಒಂದೊಂದು ಘಟಕಕ್ಕೂ ನಾಲ್ಕು ಸ್ಟೀಮ್ ಜನರೇಟರ್. ಒಂದೊಂದರಲ್ಲೂ ಇಂಕಲಾಯ್-800 ಮಿಶ್ರಲೋಹದ ಸುಮಾರು 1,800 ಕೊಳವೆ. ವ್ಯಾಸ 16 ಮಿ.ಮೀ., ಗೋಡೆಯ ದಪ್ಪ ಬರೀ 1 ಮಿ.ಮೀ. ಒಳಗೆ ರಿಯಾಕ್ಟರ್‌ನಿಂದ ಬಂದ, 290 ಡಿಗ್ರಿ ಮುಟ್ಟಿದ ಭಾರಜಲ. ಹೊರಗೆ ಉಗಿಯಾಗುವ ಸಾದಾ ನೀರು. ಒಳಗಿನ ಒತ್ತಡ ಹೊರಗಿನದರ ಎರಡು ಪಟ್ಟಿಗೂ ಹೆಚ್ಚು. ಆ ಉಗಿ ರಿಯಾಕ್ಟರ್ ಕಟ್ಟಡದ ಗುಮ್ಮಟ ದಾಟಿ ಟರ್ಬೈನಿಗೆ ಹೋಗುವುದರಿಂದ, ಕೊಳವೆ ತೂತಾದರೆ ಭಾರಜಲದಲ್ಲಿರುವ ಟ್ರಿಟಿಯಂಗೂ ಅದೇ ದಾರಿ. 1994ರ ಮೇ 13ರಂದು ಕಟ್ಟುವಾಗಲೇ ಕುಸಿದ ಗುಮ್ಮಟ ಜಿಲ್ಲೆಗೆ ಇನ್ನೂ ನೆನಪಿದೆ. ಅಷ್ಟೇ ಮುಖ್ಯವಾದ ಈ ತೆಳು ಗೋಡೆಯ ಸುದ್ದಿ ಮಾತ್ರ ಇಲ್ಲ.

ಹಾಗೆಂದು ದೋಷವಿರುವ ಕೊಳವೆಯೆಲ್ಲ ಅಪಾಯವಲ್ಲ. ಕಂಪನಕ್ಕೆ ಆಧಾರಪಟ್ಟಿಗೆ ಉಜ್ಜಿ ಸವೆಯುವುದು, ತಳದಲ್ಲಿ ಕೆಸರು ಕೂತು ಲೋಹ ತಿನ್ನುವುದು ಎಲ್ಲ ಕಡೆಯೂ ಇದ್ದದ್ದೇ. ಕೊಳವೆಯೊಳಗೆ ಪ್ರೋಬ್ ಇಳಿಸಿ ಮಾಡುವ ಎಡ್ಡಿ ಕರೆಂಟ್ ಪರೀಕ್ಷೆಯಲ್ಲಿ ಸವಕಳಿಯ ಆಳ ತಿಳಿಯುತ್ತದೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಅದು ಗೋಡೆಯ ಶೇ 40 ಮುಟ್ಟಿದರೆ ಕೊಳವೆಗೆ ಪ್ಲಗ್ ಹೊಡೆದು ಮುಚ್ಚುತ್ತಾರೆ. ನಿಜವಾದ ಪ್ರಶ್ನೆ ಆಳದ್ದಲ್ಲ, ವೇಗದ್ದು: ಇಂದಿನ ಸವಕಳಿ ಮುಂದಿನ ಪರೀಕ್ಷೆಯ ಹೊತ್ತಿಗೆ ಎಲ್ಲಿಗೆ ಮುಟ್ಟಿರುತ್ತದೆ? ಕ್ಯಾಲಿಫೋರ್ನಿಯಾದ ಸ್ಯಾನ್ ಒನೋಫ್ರೆಯ ಮೂರನೇ ಘಟಕದಲ್ಲಿ ಹೊಸ ಜನರೇಟರ್ ಓಡಿ ವರ್ಷ ತುಂಬುವ ಮೊದಲೇ, 2012ರ ಜನವರಿ 31ರಂದು ಸೋರಿತು. ಕೊಳವೆಗೆ ಕೊಳವೆಯೇ ತಾಗಿ ಸವೆದಿತ್ತು. ಮರುವರ್ಷ ಸ್ಥಾವರಕ್ಕೇ ಬೀಗ ಬಿತ್ತು.

ಸಾದಾ ನೀರಿನ ರಿಯಾಕ್ಟರ್‌ಗಳು ಇಂಧನ ತುಂಬಲು ಒಂದೂವರೆ–ಎರಡು ವರ್ಷಕ್ಕೊಮ್ಮೆ ನಿಲ್ಲಲೇಬೇಕು. ತಪಾಸಣೆಗೆ ಅದೇ ಅವಕಾಶ. ನಮ್ಮ ಭಾರಜಲ ರಿಯಾಕ್ಟರ್ ಓಡುತ್ತಲೇ ಇಂಧನ ತುಂಬಿಕೊಳ್ಳುತ್ತದೆ. ದಾಖಲೆಯ ಗುಟ್ಟೂ ಅದೇ, ತಪಾಸಣೆ ದೂರ ಹೋಗುವುದಕ್ಕೆ ಕಾರಣವೂ ಅದೇ. ಕೆನಡಾದ ಡಾರ್ಲಿಂಗ್ಟನ್‌ನ ಒಂದನೇ ಘಟಕ ಬಳಿಕ 1,106 ದಿನ ಓಡಿ ಕೈಗಾವನ್ನು ಹಿಂದಿಕ್ಕಿತು; ಅದೂ ಇದೇ ಕುಲದ ರಿಯಾಕ್ಟರ್. ಇಂಕಲಾಯ್-800ಕ್ಕೆ ಒಳ್ಳೆಯ ಹೆಸರಿದೆ, ಸೋರಿಕೆ ಕೂದಲೆಳೆಯಷ್ಟಿದ್ದರೂ ಸಾದಾ ನೀರಿನಲ್ಲಿ ಟ್ರಿಟಿಯಂ ಸುಳಿವು ಕೊಡುತ್ತದೆ ಎಂಬ ಮಾತು ಒಪ್ಪತಕ್ಕದ್ದೇ. ಆದರೆ ಮುಕ್ಕಾಲು ಪಾಲು ಸವೆದೂ ತೂತಾಗದ ಕೊಳವೆ ಯಾವ ಸುಳಿವನ್ನೂ ಕೊಡದು.

ಕೈಗಾದ ಮೊದಲೆರಡು ಘಟಕಗಳು ವಾಣಿಜ್ಯ ಉತ್ಪಾದನೆಗೆ ಇಳಿದದ್ದು 2000ದಲ್ಲಿ. 700 ಮೆಗಾವಾಟ್‌ನ ಇನ್ನೆರಡು ಬರಲಿವೆ. ತುರ್ತು ಯೋಜನೆಯ ವಲಯ 16 ಕಿ.ಮೀ.ಗೆ ಮುಗಿಯುವುದರಿಂದ ಕುಮಟಾದಿಂದ ಭಟ್ಕಳದವರೆಗಿನ ನಮಗೆ ಅಣಕು ಕಾರ್ಯಾಚರಣೆಯೂ ಇಲ್ಲ, ಮಾಹಿತಿಯೂ ಇಲ್ಲ. ವದಂತಿಗೆ ಮಾತ್ರ ಗಡಿಯಿಲ್ಲ. ಅಮೆರಿಕದ ಸ್ಥಾವರಗಳು ಕೊಳವೆ ತಪಾಸಣೆಯ ವರದಿಯನ್ನು 180 ದಿನದೊಳಗೆ ನಿಯಂತ್ರಣ ಆಯೋಗಕ್ಕೆ ಕೊಡಬೇಕು. ಯಾರು ಬೇಕಾದರೂ ಅದನ್ನು ಓದಬಹುದು. ಇಲ್ಲಿಯೂ ಘಟಕ ದುರಸ್ತಿಗೆ ನಿಂತು ಮತ್ತೆ ಹೊರಟಾಗಲೆಲ್ಲ ಎಷ್ಟು ಕೊಳವೆ ನೋಡಿದರು, ಎಷ್ಟರಲ್ಲಿ ದೋಷ ಸಿಕ್ಕಿತು, ಎಷ್ಟಕ್ಕೆ ಪ್ಲಗ್ ಹೊಡೆದರು, ಹಿಂದಿನ ಸಲಕ್ಕಿಂತ ಸವಕಳಿ ಎಷ್ಟು ಬೆಳೆದಿದೆ ಎಂಬುದನ್ನು ಕನ್ನಡದಲ್ಲಿ ಒಂದು ಪುಟ ಬರೆದು ತಾಲ್ಲೂಕು ಕಚೇರಿಗಳಿಗೆ ಕಳಿಸಲಿ. ದಾಖಲೆ ಮುರಿದ ದಿನ ಪತ್ರಿಕಾ ಪ್ರಕಟಣೆ ಕಳಿಸುವ ಕಚೇರಿಗೆ ಇದು ದೊಡ್ಡ ಕೆಲಸವಲ್ಲ.